ಹನ್ನೆರಡು ವೋಲ್ಟ್ ಇದ್ದರೂ ಟ್ರ್ಯಾಕ್ಟರ್ ಏಕೆ ಹೊರಡುವುದಿಲ್ಲ?

ರೈತರ ತರಬೇತಿ ಶಿಬಿರವೊಂದರಲ್ಲಿ ಬ್ಯಾಟರಿಯ ವಿಷಯವಾಗಿ ಪಾಠ ಮುಗಿಸಿ ಕುಳಿತಾಗ, ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: “ಸ್ವಾಮಿ, ಟಾರ್ಚಿನ ಒಂದು ಸೆಲ್ಲು ಒಂದೂವರೆ ವೋಲ್ಟು ಅಂದಿರಿ. ಎಂಟು ಸೆಲ್ಲು ಸಾಲಾಗಿ ಇಟ್ಟರೆ ಹನ್ನೆರಡು ವೋಲ್ಟು. ಟ್ರ್ಯಾಕ್ಟರ್ ಬ್ಯಾಟರಿಯೂ ಹನ್ನೆರಡೇ ವೋಲ್ಟು. ಹಾಗಾದರೆ ಎಂಟು ಸೆಲ್ಲು ತಂದು ಟ್ರ್ಯಾಕ್ಟರ್ ಹೊರಡಿಸಬಹುದಲ್ಲ, ಅಷ್ಟೊಂದು ದುಡ್ಡು ಕೊಟ್ಟು ಬ್ಯಾಟರಿ ಯಾಕೆ ಕೊಳ್ಳಬೇಕು?”

ಕುಳಿತಿದ್ದವರೆಲ್ಲ ನಕ್ಕರು. ಆದರೆ ಅದು ನಕ್ಕು ಬಿಡುವಂತಹ ಪ್ರಶ್ನೆಯಲ್ಲ. ಅದಕ್ಕೆ ಸರಿಯಾದ ಉತ್ತರ ತಿಳಿದವರು ಬ್ಯಾಟರಿಯ ವಿಷಯದಲ್ಲಿ ಸುಲಭವಾಗಿ ಮೋಸಹೋಗುವುದಿಲ್ಲ.

ಉತ್ತರ ತಿಳಿದಿದ್ದೂ ಸಮಯಕ್ಕೆ ಅದನ್ನು ಬಳಸದೆ ನಾನೇ ಒಮ್ಮೆ ತಪ್ಪು ಮಾಡಿದ್ದುಂಟು. ಮೃಗಶಿರ ಮಳೆ ಚೆನ್ನಾಗಿ ಬಿದ್ದು ಶೇಂಗಾ ಬಿತ್ತನೆಗೆ ಹದ ಕೂಡಿದ್ದ ದಿನ. ಪರಿಚಯದ ರೈತರೊಬ್ಬರ ಟ್ರ್ಯಾಕ್ಟರ್ ಕೂರಿಗೆ ಕಟ್ಟಿಕೊಂಡು ಶೆಡ್ಡಿನಲ್ಲಿಯೇ ನಿಂತುಬಿಟ್ಟಿತ್ತು. ಕೀಲಿ ತಿರುಗಿಸಿದರೆ ‘ಟಕ್’ ಎಂಬ ಸದ್ದು ಮಾತ್ರ. ಶೆಡ್ಡು ತಗ್ಗಿನಲ್ಲಿದ್ದುದರಿಂದ ತಳ್ಳಿ ಹೊರಡಿಸುವಂತೆಯೂ ಇರಲಿಲ್ಲ. ನಾನು ವೋಲ್ಟ್‌ಮೀಟರ್ ಹಿಡಿದು ನೋಡಿದೆ, 12.3 ವೋಲ್ಟ್ ತೋರಿಸಿತು. “ಬ್ಯಾಟರಿ ಸರಿಯಾಗಿದೆ, ದೋಷ ಸ್ಟಾರ್ಟರ್ ಮೋಟಾರಿನದು” ಎಂದುಬಿಟ್ಟೆ. ಅವರು ನನ್ನ ಮಾತು ನಂಬಿ ಸ್ಟಾರ್ಟರನ್ನು ಬಿಚ್ಚಿಸಿ ಪೇಟೆಗೆ ಕೊಂಡೊಯ್ದರು. ಅಲ್ಲಿ ಅದರಲ್ಲಿ ಯಾವ ದೋಷವೂ ಕಾಣಲಿಲ್ಲ. ಮರುದಿನ ಸಂಜೆ ಪಕ್ಕದ ಹೊಲದವರು ತಮ್ಮ ಬಿತ್ತನೆ ಮುಗಿಸಿ, ತಮ್ಮ ಟ್ರ್ಯಾಕ್ಟರಿನ ಬ್ಯಾಟರಿಯನ್ನು ತಂದು ಜೋಡಿಸಿದಾಗ ಈ ಟ್ರ್ಯಾಕ್ಟರ್ ಒಂದೇ ಸಲಕ್ಕೆ ಹೊರಟಿತು. ಅಷ್ಟರಲ್ಲಿ ಎರಡು ದಿನಗಳ ಬಿಸಿಲು ಗಾಳಿಗೆ ಕೆಂಪುಮಣ್ಣಿನ ಹದ ಆರಿಹೋಗಿತ್ತು. ಬಿತ್ತನೆ ಮುಂದಿನ ಮಳೆಗೆ ಹೋಯಿತು. ಆ ರೈತರು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

12.3 ವೋಲ್ಟ್ ತೋರಿಸುತ್ತಿದ್ದ ಬ್ಯಾಟರಿ ಕೆಲಸದ ಸಮಯದಲ್ಲಿ ಕೈಕೊಟ್ಟದ್ದು ಹೇಗೆ? ಎಂಟು ಟಾರ್ಚ್ ಸೆಲ್ಲುಗಳು ಟ್ರ್ಯಾಕ್ಟರನ್ನು ಹೊರಡಿಸಲಾರದ್ದು ಏಕೆ? ಎರಡಕ್ಕೂ ಕಾರಣ ಒಂದೇ. ಅದನ್ನು ತಿಳಿಯಬೇಕಾದರೆ ಸೆಲ್ಲಿನ ಒಳಗೆ ನಡೆಯುವುದೇನು ಎಂಬಲ್ಲಿಂದ ಆರಂಭಿಸಬೇಕು.

ನಿಂಬೆಹಣ್ಣಿನ ಸೆಲ್ಲು

ಒಂದು ರಸಭರಿತ ನಿಂಬೆಹಣ್ಣು, ಸತು ಲೇಪಿಸಿದ ಒಂದು ಮೊಳೆ, ಸಿಪ್ಪೆ ಸುಲಿದ ತಾಮ್ರದ ತಂತಿಯ ತುಂಡು, ಇಷ್ಟಿದ್ದರೆ ಮನೆಯಲ್ಲಿಯೇ ಸೆಲ್ಲು ಸಿದ್ಧ. ಹಣ್ಣನ್ನು ಸ್ವಲ್ಪ ಹಿಸುಕಿ, ಮೊಳೆಯನ್ನೂ ತಂತಿಯನ್ನೂ ಒಂದಕ್ಕೊಂದು ತಾಗದಂತೆ ಒಳಗೆ ಚುಚ್ಚಿರಿ. ವೋಲ್ಟ್‌ಮೀಟರಿನ ಕೆಂಪು ತಂತಿಯನ್ನು ತಾಮ್ರಕ್ಕೂ ಕಪ್ಪು ತಂತಿಯನ್ನು ಮೊಳೆಗೂ ಹಿಡಿದರೆ ಸುಮಾರು 0.9 ವೋಲ್ಟ್ ತೋರಿಸುತ್ತದೆ. ಮಕ್ಕಳಿಂದ ಇದನ್ನು ಮಾಡಿಸಿರಿ. ಆದರೆ ಆಮೇಲೆ ಆ ಹಣ್ಣನ್ನು ಪಾನಕಕ್ಕೆ ಹಿಂಡಬೇಡಿರಿ, ಅದರ ರಸದಲ್ಲಿ ಸತು ಕರಗಿರುತ್ತದೆ.

ಇಲ್ಲಿ ನಡೆದುದು ಇಷ್ಟೆ. ಹುಳಿಯಲ್ಲಿ ಸತು ಕರಗುವಾಗ ತನ್ನಲ್ಲಿರುವ ಎಲೆಕ್ಟ್ರಾನುಗಳೆಂಬ ಋಣ ವಿದ್ಯುತ್ ಕಣಗಳನ್ನು ಮೊಳೆಯಲ್ಲಿಯೇ ಬಿಟ್ಟುಹೋಗುತ್ತದೆ. ತಾಮ್ರಕ್ಕೆ ಹಾಗೆ ಕರಗುವ ಆತುರವಿಲ್ಲ. ಆದುದರಿಂದ ಮೊಳೆಯಲ್ಲಿ ಎಲೆಕ್ಟ್ರಾನುಗಳ ಒತ್ತಡ ಹೆಚ್ಚು, ತಾಮ್ರದಲ್ಲಿ ಕಡಿಮೆ. ಹೊರಗಿನಿಂದ ಒಂದು ತಂತಿ ಜೋಡಿಸಿ ದಾರಿ ಮಾಡಿಕೊಟ್ಟರೆ ಅವು ಮೊಳೆಯಿಂದ ತಾಮ್ರದ ಕಡೆಗೆ ಹರಿಯುತ್ತವೆ. ಈ ಒತ್ತಡದ ವ್ಯತ್ಯಾಸಕ್ಕೇ ವೋಲ್ಟೇಜ್ ಎಂದು ಹೆಸರು. ಹರಿವಿನ ಪ್ರಮಾಣವನ್ನು ಆಂಪಿಯರಿನಲ್ಲಿಯೂ, ಹರಿವಿಗೆ ಇರುವ ಅಡ್ಡಿಯನ್ನು, ಅಂದರೆ ರೋಧವನ್ನು, ಓಮ್‌ಗಳಲ್ಲಿಯೂ ಅಳೆಯುತ್ತಾರೆ. ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಈ ಲೇಖನಕ್ಕೆ ಬೇಕಾದ ಲೆಕ್ಕವೆಲ್ಲ ಇಷ್ಟೇ.

ಹರಿವು ಸದಾ ಒಂದೇ ದಿಕ್ಕಿನಲ್ಲಿರುವುದರಿಂದ ಇದನ್ನು ನೇರ ವಿದ್ಯುತ್ತು ಅಥವಾ ಡಿ.ಸಿ. ಎನ್ನುತ್ತಾರೆ. ಪಂಪ್‌ಸೆಟ್ಟಿಗೆ ಕಂಬದಿಂದ ಬರುವ ವಿದ್ಯುತ್ತು ಹಾಗಲ್ಲ. ಅದು ಸೆಕೆಂಡಿಗೆ 50 ಸಲ ಹೋಗಿಬಂದು ಮಾಡುತ್ತಿರುತ್ತದೆ. ಇಟಲಿಯ ವೋಲ್ಟಾ ಎಂಬ ವಿಜ್ಞಾನಿ 1800ರಲ್ಲಿ ಲೋಹದ ಬಿಲ್ಲೆಗಳನ್ನು ಜೋಡಿ ಜೋಡಿಯಾಗಿ ಒಂದರ ಮೇಲೊಂದು ಪೇರಿಸಿ, ನಡುನಡುವೆ ಉಪ್ಪುನೀರಿನಲ್ಲಿ ನೆನೆಸಿದ ಹಾಳೆಗಳನ್ನಿಟ್ಟು ಮೊದಲ ಬ್ಯಾಟರಿಯನ್ನು ಪ್ರಕಟಪಡಿಸಿದ. ವೋಲ್ಟ್ ಎಂಬ ಮಾತು ಬಂದದ್ದು ಅವನ ಹೆಸರಿನಿಂದಲೇ.

ಈಗ ಮುಖ್ಯವಾದ ಒಂದು ಮಾತು. ನಿಂಬೆಹಣ್ಣಿನ ಬದಲು ದೊಡ್ಡದೊಂದು ಹೇರಳೆಕಾಯಿಗೆ ಅದೇ ಮೊಳೆ, ಅದೇ ತಂತಿ ಚುಚ್ಚಿ ನೋಡಿರಿ. ವೋಲ್ಟೇಜ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸೆಲ್ಲಿನ ವೋಲ್ಟೇಜನ್ನು ನಿರ್ಧರಿಸುವುದು ಅದರ ಗಾತ್ರವಲ್ಲ, ಅದರಲ್ಲಿರುವ ವಸ್ತುಗಳು. ಗೋಡೆ ಗಡಿಯಾರದ ಸಣ್ಣ ಸೆಲ್ಲೂ ಹಳೆಯ ದೊಡ್ಡ ಟಾರ್ಚಿನ ದಪ್ಪ ಸೆಲ್ಲೂ 1.5 ವೋಲ್ಟಿನವೇ, ಏಕೆಂದರೆ ಎರಡರ ಒಳಗೂ ಇರುವುದು ಸತುವಿನ ಡಬ್ಬಿ, ಮ್ಯಾಂಗನೀಸ್ ಡೈಆಕ್ಸೈಡ್ ಸುತ್ತಿದ ಇಂಗಾಲದ ಕಡ್ಡಿ, ಮತ್ತು ನವಸಾಗರ ಅಥವಾ ಸತುವಿನ ಲವಣ ಬೆರೆತ ತೇವದ ಸರಿ. ಸತು ತಿಂದುಹೋದಾಗ ಸೆಲ್ಲು ಮುಗಿಯಿತು. ಅದನ್ನು ಬಿಸಿಲಿಗಿಟ್ಟರೆ ಒಂದೆರಡು ನಿಮಿಷ ಮಿಣುಕೀತೇ ಹೊರತು ತುಂಬಿಕೊಳ್ಳುವುದಿಲ್ಲ.

ಟ್ರ್ಯಾಕ್ಟರ್ ಬ್ಯಾಟರಿಯ ಆರು ಮನೆಗಳು

ತಿಂದುಹೋದುದನ್ನು ಮತ್ತೆ ತುಂಬಿಸಬಲ್ಲ ಸೆಲ್ಲನ್ನು 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಎಂಬವರು ಕಂಡುಹಿಡಿದರು. ಇಂದಿನ ಟ್ರ್ಯಾಕ್ಟರ್ ಬ್ಯಾಟರಿಯು ಅದರದೇ ಸಂತತಿ. ಇದರ ಪೆಟ್ಟಿಗೆಯೊಳಗೆ ಆರು ಮನೆಗಳಿರುತ್ತವೆ. ಒಂದೊಂದು ಮನೆಯೂ ಒಂದೊಂದು ಸೆಲ್ಲು. ಪ್ರತಿ ಸೆಲ್ಲಿನಲ್ಲಿ ಬೂದುಬಣ್ಣದ ಸೀಸದ ಪ್ಲೇಟುಗಳು ಋಣಧ್ರುವ. ಕಂದುಬಣ್ಣದ ಸೀಸದ ಡೈಆಕ್ಸೈಡ್ ಮೆತ್ತಿದ ಪ್ಲೇಟುಗಳು ಧನಧ್ರುವ. ಇವು ಮುಳುಗಿರುವುದು ನೀರು ಬೆರೆಸಿದ ಗಂಧಕಾಮ್ಲದಲ್ಲಿ. ಒಂದು ಸೆಲ್ಲಿಗೆ 2 ವೋಲ್ಟಿಗಿಂತ ತುಸು ಹೆಚ್ಚು. ಆರನ್ನೂ ಒಂದರ ಧನಕ್ಕೆ ಮತ್ತೊಂದರ ಋಣ ಸೇರುವಂತೆ ಸಾಲಾಗಿ ಜೋಡಿಸಿರುವುದರಿಂದ ಒಟ್ಟು 12.5 ರಿಂದ 12.7 ವೋಲ್ಟ್.

ಬ್ಯಾಟರಿಯಿಂದ ವಿದ್ಯುತ್ತು ಖರ್ಚಾಗುವಾಗ ಎರಡೂ ಬಗೆಯ ಪ್ಲೇಟುಗಳು ಆಮ್ಲವನ್ನು ಹೀರಿ ಸೀಸದ ಸಲ್ಫೇಟ್ ಆಗುತ್ತಾ ಹೋಗುತ್ತವೆ, ಜೊತೆಗೆ ನೀರು ಉತ್ಪತ್ತಿಯಾಗುತ್ತದೆ. ಅಂದರೆ ಬ್ಯಾಟರಿ ಖಾಲಿಯಾದಂತೆಲ್ಲ ಆಮ್ಲ ತೆಳುವಾಗುತ್ತದೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಸುಮಾರು 14 ವೋಲ್ಟಿನಲ್ಲಿ ವಿದ್ಯುತ್ತನ್ನು ಹಿಂದಕ್ಕೆ ತಳ್ಳಿದಾಗ ಸಲ್ಫೇಟ್ ಬಿಡಿಸಿಕೊಂಡು ಆಮ್ಲ ಮತ್ತೆ ಗಟ್ಟಿಯಾಗುತ್ತದೆ. ಬ್ಯಾಟರಿಯಲ್ಲಿ ವಿದ್ಯುತ್ತನ್ನು ನೀರಿನಂತೆ ತುಂಬಿಟ್ಟಿರುತ್ತಾರೆಂದು ಹಲವರು ತಿಳಿದಿದ್ದಾರೆ. ಅಲ್ಲಿ ತುಂಬಿರುವುದು ರಾಸಾಯನಿಕ ಕ್ರಿಯೆ ನಡೆಯಲು ಬೇಕಾದ ಸಾಮಗ್ರಿ. ವಿದ್ಯುತ್ತು ತಯಾರಾಗುವುದು ಕೇಳಿದ ಕ್ಷಣದಲ್ಲಿ.

ಸಾಲು ಜೋಡಣೆ, ಜೊತೆ ಜೋಡಣೆ

ಸೆಲ್ಲುಗಳನ್ನು ಒಂದರ ಹಿಂದೊಂದು ಸಾಲಾಗಿ ಜೋಡಿಸಿದರೆ ವೋಲ್ಟೇಜ್ ಕೂಡುತ್ತದೆ. ಮೂರು ಸೆಲ್ಲಿನ ಟಾರ್ಚಿಗೆ ನಾಲ್ಕೂವರೆ ವೋಲ್ಟ್. ಅದರಲ್ಲಿ ಒಂದನ್ನು ತಿರುಗುಮುರುಗಾಗಿ ಹಾಕಿದರೆ ಅದು ಕೂಡುವ ಬದಲು ಕಳೆಯುತ್ತದೆ. ಉಳಿಯುವುದು ಒಂದೂವರೆ ವೋಲ್ಟ್ ಮಾತ್ರ. ಧನಕ್ಕೆ ಧನ, ಋಣಕ್ಕೆ ಋಣ ಸೇರಿಸಿ ಪಕ್ಕಪಕ್ಕದಲ್ಲಿ ಜೋಡಿಸಿದರೆ ವೋಲ್ಟೇಜ್ ಹೆಚ್ಚುವುದಿಲ್ಲ, ಬಾಳಿಕೆ ಹೆಚ್ಚುತ್ತದೆ. ಬಾಳಿಕೆಯನ್ನು ಆಂಪಿಯರ್-ಗಂಟೆಗಳಲ್ಲಿ ಹೇಳುತ್ತಾರೆ. ಬೆನ್ನಿಗೆ ಕಟ್ಟಿಕೊಳ್ಳುವ ಬ್ಯಾಟರಿ ಸ್ಪ್ರೇಯರಿನ ಮೇಲೆ 12 ವೋಲ್ಟ್, 8 ಆಂಪಿಯರ್-ಗಂಟೆ ಎಂದು ಬರೆದಿದ್ದು, ಅದರ ಪಂಪು ಎರಡೂವರೆ ಆಂಪಿಯರ್ ಎಳೆಯುವುದಾದರೆ ಸುಮಾರು ಮೂರು ಗಂಟೆ ಸಿಂಪಡಿಸಬಹುದು. ಬ್ಯಾಟರಿ ಹಳೆಯದಾದಂತೆ ಇದು ಇಳಿಯುತ್ತದೆ.

ಸಾಲು ಜೋಡಣೆಯಲ್ಲಿ ಹೊಸ ಸೆಲ್ಲಿನೊಂದಿಗೆ ಹಳೆಯದನ್ನು ಬೆರೆಸಬಾರದು. ಒಂದೇ ಹರಿವು ಎಲ್ಲ ಸೆಲ್ಲುಗಳನ್ನೂ ಹಾದುಹೋಗಬೇಕಾದ್ದರಿಂದ ಸೊರಗಿದ ಒಂದು ಸೆಲ್ಲು ಉಳಿದ ಎಲ್ಲವನ್ನೂ ತಡೆಯುತ್ತದೆ. ಜೋಡಿ ಎತ್ತುಗಳಲ್ಲಿ ಒಂದು ಕುಂಟಿದರೆ ಇನ್ನೊಂದು ಎಷ್ಟು ಬಲವಾಗಿದ್ದರೇನು? ಟ್ರ್ಯಾಕ್ಟರ್ ಬ್ಯಾಟರಿಯ ಆರು ಸೆಲ್ಲುಗಳಿಗೂ ಇದೇ ನ್ಯಾಯ ಅನ್ವಯಿಸುತ್ತದೆ ಎಂಬುದನ್ನು ನೆನಪಿನಲ್ಲಿಡಿರಿ.

ಬಾವಿಯ ನಿಂತ ಮಟ್ಟ, ಎತ್ತುವಾಗಿನ ಮಟ್ಟ

ಈಗ ಹಿರಿಯರ ಪ್ರಶ್ನೆಗೆ ಬರೋಣ. ಎರಡು ಬಾವಿಗಳಿವೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಎದ್ದು ನೋಡಿದರೆ ಎರಡರಲ್ಲೂ ನೀರು ಒಂದೇ ಮಟ್ಟದಲ್ಲಿದೆ. ಪಂಪು ಹಚ್ಚಿದ ಮೇಲೆ ಒಂದರಲ್ಲಿ ನೀರು ಎರಡು ಅಡಿ ಇಳಿದು ಅಲ್ಲಿಯೇ ನಿಲ್ಲುತ್ತದೆ, ಸೆಲೆಗಳು ಚೆನ್ನಾಗಿವೆ. ಇನ್ನೊಂದರಲ್ಲಿ ಅರ್ಧ ಗಂಟೆಗೆ ಫುಟ್‌ವಾಲ್ವ್ ಕಾಣುತ್ತದೆ. ಪಂಪು ನಿಲ್ಲಿಸಿ ರಾತ್ರಿ ಕಳೆದರೆ ಮತ್ತೆ ಮೊದಲಿನ ಮಟ್ಟವೇ. ಬೆಳಗಿನ ಮಟ್ಟವನ್ನಷ್ಟೇ ನೋಡಿ ಬಾವಿ ಕೊಳ್ಳುವ ರೈತನಿಲ್ಲ. ಎಷ್ಟು ಹೊತ್ತು ಎತ್ತಿದರೆ ಎಷ್ಟು ಇಳಿಯುತ್ತದೆ ಎಂದು ಕೇಳಿಯೇ ಕೇಳುತ್ತಾನೆ.

ಬ್ಯಾಟರಿಯನ್ನು ಮಾತ್ರ ನಾವು ಬೆಳಗಿನ ಮಟ್ಟ ನೋಡಿಯೇ ನಂಬುತ್ತೇವೆ. ಏನನ್ನೂ ಜೋಡಿಸದೆ ವೋಲ್ಟ್‌ಮೀಟರ್ ಹಿಡಿದಾಗ ಸಿಗುವುದು ನಿಂತ ಮಟ್ಟ. ಆ ಹೊತ್ತಿನಲ್ಲಿ ಬ್ಯಾಟರಿಯಿಂದ ಹರಿವು ಇಲ್ಲವೆಂದೇ ಹೇಳಬೇಕು. ಹರಿವು ಆರಂಭವಾದಾಗ ಅದು ಬ್ಯಾಟರಿಯ ಒಳಗಿನ ಆಮ್ಲ, ಪ್ಲೇಟು, ಬೆಸುಗೆಗಳ ಮೂಲಕವೂ ಹಾದುಬರಬೇಕು. ಅವೂ ಅಡ್ಡಿ ಒಡ್ಡುತ್ತವೆ. ಇದಕ್ಕೆ ಆಂತರಿಕ ರೋಧ ಎನ್ನುತ್ತಾರೆ. ಹರಿವು ಹೆಚ್ಚಿದಷ್ಟೂ ಒಳಗೇ ಕಳೆದುಹೋಗುವ ವೋಲ್ಟೇಜ್ ಹೆಚ್ಚು. ಹೊರಗೆ ದೊರೆಯುವುದು ಉಳಿದದ್ದು ಮಾತ್ರ.

ಲೆಕ್ಕ ಹಾಕಿ ನೋಡೋಣ. ಸ್ಟಾರ್ಟರ್ ಮೋಟಾರು ಮತ್ತು ಕೇಬಲ್ಲು ಸೇರಿ 0.05 ಓಮ್ ಎಂದು ಹಿಡಿಯಿರಿ. ಆರೋಗ್ಯವಾಗಿರುವ ಬ್ಯಾಟರಿ 12.6 ವೋಲ್ಟ್, ಅದರ ಆಂತರಿಕ ರೋಧ 0.01 ಓಮ್. ಒಟ್ಟು ರೋಧ 0.06 ಓಮ್, ಹರಿವು 210 ಆಂಪಿಯರ್. ಒಳಗೆ ಕಳೆದುಹೋಗುವುದು 2.1 ವೋಲ್ಟ್, ಸ್ಟಾರ್ಟರಿಗೆ ದೊರೆಯುವುದು 10.5 ವೋಲ್ಟ್. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಸುಮಾರು 2,200 ವಾಟ್, ಅಂದರೆ ಮೂರು ಅಶ್ವಶಕ್ತಿಯಷ್ಟು. ಎಂಜಿನ್ ಸಲೀಸಾಗಿ ತಿರುಗುತ್ತದೆ.

ಇನ್ನೊಂದು ಬ್ಯಾಟರಿ 12.3 ವೋಲ್ಟಿನದು, ಆದರೆ ಹಳೆಯದಾಗಿ ಆಂತರಿಕ ರೋಧ 0.05 ಓಮ್ ಆಗಿದೆ. ಒಟ್ಟು 0.10 ಓಮ್, ಹರಿವು 123 ಆಂಪಿಯರ್. ಅರ್ಧಕ್ಕರ್ಧ ವೋಲ್ಟೇಜ್ ಒಳಗೇ ಹೋಯಿತು. ಸ್ಟಾರ್ಟರಿಗೆ ಉಳಿದದ್ದು 6.15 ವೋಲ್ಟ್. ಶಕ್ತಿ ಸುಮಾರು 750 ವಾಟ್, ಒಂದೇ ಅಶ್ವಶಕ್ತಿ. ಡೀಸೆಲ್ ಎಂಜಿನ್ನಿನ ಒತ್ತಡವನ್ನು ಮೀರಿ ತಿರುಗಿಸಲು ಇದು ಸಾಲದು. ನಿಂತ ಮಟ್ಟದಲ್ಲಿ ಎರಡು ಬ್ಯಾಟರಿಗಳಿಗೂ ಇದ್ದ ವ್ಯತ್ಯಾಸ 0.3 ವೋಲ್ಟ್, ಕೆಲಸದಲ್ಲಿ ಒಂದು ಇನ್ನೊಂದರ ಮೂರನೇ ಒಂದು ಪಾಲು. ನಾನು ಅಂದು ನೋಡದೆ ಬಿಟ್ಟದ್ದು ಇದನ್ನೇ.

ಇನ್ನು ಎಂಟು ಟಾರ್ಚ್ ಸೆಲ್ಲುಗಳು. ಒಂದೊಂದರ ಆಂತರಿಕ ರೋಧ ಅರ್ಧ ಓಮ್ ಎಂದರೂ ಸಾಲಾಗಿ ಎಂಟಕ್ಕೆ 4 ಓಮ್. 12 ವೋಲ್ಟನ್ನು ಇದರಿಂದ ಭಾಗಿಸಿದರೆ 3 ಆಂಪಿಯರ್ ಕೂಡ ಪೂರ್ತಿ ಬಾರದು. ಸ್ಟಾರ್ಟರಿಗೆ ಸಿಗುವುದು 0.15 ವೋಲ್ಟ್. ಟ್ರ್ಯಾಕ್ಟರ್ ಬ್ಯಾಟರಿಯಂತೆ 0.01 ಓಮ್‌ಗೆ ಇಳಿಸಬೇಕಾದರೆ ಇಂತಹ ಎಂಟರ ಸಾಲುಗಳನ್ನು 400 ಜೊತೆಯಾಗಿ ಕಟ್ಟಬೇಕು, ಅಂದರೆ 3,200 ಸೆಲ್ಲುಗಳು. ಹಿರಿಯರಿಗೆ ಇದನ್ನು ಹಲಗೆಯ ಮೇಲೆ ಬರೆದು ತೋರಿಸಿದಾಗ, “ಹಾಗಾದರೆ ಬ್ಯಾಟರಿಯೇ ಅಗ್ಗ” ಎಂದು ಕುಳಿತರು. ನಿಂಬೆಹಣ್ಣಿನದೂ ಇದೇ ಕಥೆ. ನಾಲ್ಕು ಹಣ್ಣು ಸಾಲಾಗಿ ಜೋಡಿಸಿದರೆ ಮೂರೂವರೆ ವೋಲ್ಟ್ ತೋರಿಸುತ್ತದೆ, ಆದರೆ ಹಳೆಯ ಬಗೆಯ ಟಾರ್ಚ್ ಬಲ್ಬು ಉರಿಯುವುದಿಲ್ಲ. ಹಣ್ಣಿನ ರೋಧ ಅಷ್ಟು ಹೆಚ್ಚು. ಅತ್ಯಲ್ಪ ಹರಿವು ಸಾಕಾಗುವ ಸಣ್ಣ ಎಲ್.ಇ.ಡಿ. ದೀಪ ಮಾತ್ರ ಕತ್ತಲಲ್ಲಿ ಮಿಣುಕಬಹುದು.

ಹೊಲದಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

ವೋಲ್ಟ್‌ಮೀಟರ್ ಇಲ್ಲದಿದ್ದರೆ ಹೆಡ್‌ಲೈಟ್ ಹಾಕಿ ಸ್ಟಾರ್ಟರ್ ಒತ್ತಿರಿ. ದೀಪ ತೀರಾ ಮಂಕಾಗಿ ‘ಟಕ್’ ಎಂದು ನಿಂತರೆ ದೋಷ ಬ್ಯಾಟರಿಯಲ್ಲಿ ಅಥವಾ ಅದರ ಜೋಡಣೆಯಲ್ಲಿರುವ ಸಂಭವ ಹೆಚ್ಚು. ದೀಪ ಕಿಂಚಿತ್ತೂ ಮಂಕಾಗದೆ ಸ್ಟಾರ್ಟರ್ ಸುಮ್ಮನಿದ್ದರೆ ಹರಿವು ಅಲ್ಲಿಯವರೆಗೆ ಹೋಗುತ್ತಲೇ ಇಲ್ಲ. ಸ್ವಿಚ್ಚು, ಸೊಲೆನಾಯ್ಡ್, ಸ್ಟಾರ್ಟರ್ ಇವುಗಳನ್ನು ನೋಡಬೇಕು.

ಮೀಟರ್ ಇದ್ದರೆ ಅದನ್ನು ಕೆಲಸದ ಹೊತ್ತಿನಲ್ಲಿ ಹಿಡಿಯತಕ್ಕದ್ದು. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ಹೊರಡದಂತೆ ಡೀಸೆಲ್ ನಿಲ್ಲಿಸುವ ಗುಂಡಿಯನ್ನು ಎಳೆದು, ಒಬ್ಬರು ಸ್ಟಾರ್ಟರ್ ಒತ್ತುವಾಗ ಇನ್ನೊಬ್ಬರು ಬ್ಯಾಟರಿಯ ಎರಡು ಧ್ರುವಗಳಿಗೆ ಮೀಟರ್ ಹಿಡಿಯಲಿ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಬಾರದು. ವೋಲ್ಟೇಜ್ ಸುಮಾರು 9.5ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಖಾಲಿಯಾಗಿದೆ ಅಥವಾ ಸೊರಗಿದೆ. ಖಾಲಿಯೋ ಸೊರಗಿದೆಯೋ ಎಂದು ತಿಳಿಯಲು ಪೂರ್ತಿ ಚಾರ್ಜ್ ಮಾಡಿಸಿ ಮತ್ತೊಮ್ಮೆ ಇದೇ ಪರೀಕ್ಷೆ ಮಾಡಬೇಕು.

ಧ್ರುವಗಳಲ್ಲಿ 10ಕ್ಕಿಂತ ಹೆಚ್ಚು ವೋಲ್ಟ್ ಉಳಿದಿದ್ದರೂ ಸ್ಟಾರ್ಟರ್ ನಿಧಾನವಾಗಿ ತಿರುಗಿದರೆ ಆಗ ಜೋಡಣೆಯನ್ನು ಶಂಕಿಸಿರಿ. ಸೀಸದ ಕಂಬಕ್ಕೂ ಅದರ ಮೇಲೆ ಕೂರುವ ಕ್ಲ್ಯಾಂಪಿಗೂ ನಡುವೆ ಬಿಳಿ-ಹಸಿರು ಕಿಲುಬು ಬೆಳೆದು 0.02 ಓಮ್ ರೋಧ ಸೇರಿದರೂ ಸಾಕು, ನಮ್ಮ ಲೆಕ್ಕದ ಒಳ್ಳೆಯ ಬ್ಯಾಟರಿಯಲ್ಲಿಯೇ 3 ವೋಲ್ಟ್ ಅಲ್ಲಿ ಕಳೆದುಹೋಗುತ್ತದೆ. ಸ್ಟಾರ್ಟರ್ ಒತ್ತುವಾಗ ಮೀಟರಿನ ಒಂದು ಮೊನೆಯನ್ನು ಕಂಬದ ನೆತ್ತಿಗೂ ಇನ್ನೊಂದನ್ನು ಕ್ಲ್ಯಾಂಪಿಗೂ ಹಿಡಿಯಿರಿ. ಕಾಲು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಿಲುಬು ಇದೆಯೆಂದೇ ಅರ್ಥ. ಮೀಟರ್ ಇಲ್ಲದಿದ್ದರೆ, ಸ್ಟಾರ್ಟರ್ ಒತ್ತಿ ಬಿಟ್ಟ ಮೇಲೆ ಕ್ಲ್ಯಾಂಪುಗಳನ್ನು ಮುಟ್ಟಿ ನೋಡಿರಿ. ಬಿಸಿಯಾಗಿರುವುದೇ ದೋಷವಿರುವ ಜಾಗ. ಎಂಜಿನ್ನಿಗೆ ಅಥವಾ ಚಾಸಿಗೆ ಬಿಗಿದಿರುವ ಅರ್ಥಿಂಗ್ ತಂತಿಯ ತುದಿಯನ್ನೂ ಮರೆಯಬಾರದು. ಎಷ್ಟೋ ರೈತರು ಹೊಸ ಬ್ಯಾಟರಿ ಕೊಂಡು, ಅದನ್ನು ಕೂರಿಸುವಾಗ ಕಂಬ ಕೆರೆದು ಕ್ಲ್ಯಾಂಪ್ ಬಿಗಿದುದರಿಂದಲೇ ಟ್ರ್ಯಾಕ್ಟರ್ ಹೊರಟದ್ದನ್ನು ಕಂಡು, ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕಿದ್ದಾರೆ. ಅರ್ಧ ಗಂಟೆಯ ಕೆಲಸ ಮತ್ತು ಎರಡು ಚಮಚ ಅಡಿಗೆ ಸೋಡದಲ್ಲಿ ಮುಗಿಯುತ್ತಿದ್ದ ಖರ್ಚು ಅದು. ಸೋಡ ಬೆರೆಸಿದ ನೀರಿನಿಂದ ಕಿಲುಬನ್ನು ತೊಳೆದು, ನೀರು ಸೆಲ್ಲಿನೊಳಗೆ ಇಳಿಯದಂತೆ ಬಿರಡೆಗಳನ್ನು ಮುಚ್ಚಿಟ್ಟುಕೊಂಡು, ಕಂಬವನ್ನೂ ಕ್ಲ್ಯಾಂಪಿನ ಒಳಮೈಯನ್ನೂ ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಬಿಗಿದ ಮೇಲೆ ಹೊರಗಡೆ ವ್ಯಾಸಲೀನ್ ಸವರಬೇಕು.

ಕೊನೆಯದಾಗಿ ಹೈಡ್ರೋಮೀಟರ್. ಬಿರಡೆ ಇರುವ ಬ್ಯಾಟರಿಗಳಿಗೆ ಇದಕ್ಕಿಂತ ನಂಬಿಕೆಯ ಸಾಧನ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಆಮ್ಲವನ್ನು ಪಿಚಕಾರಿಯಂತೆ ಎಳೆದುಕೊಂಡಾಗ ಒಳಗೆ ತೇಲುವ ಗಾಜಿನ ಕಡ್ಡಿ ಆಮ್ಲದ ಸಾಂದ್ರತೆಯನ್ನು ತೋರಿಸುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ, ತಯಾರಿಕೆಗೆ ಅನುಸಾರವಾಗಿ, 1.24 ರಿಂದ 1.28, 1.15ಕ್ಕಿಂತ ಕೆಳಗಿದ್ದರೆ ಖಾಲಿ. ಈ ಅಂಕಿಗೆ 0.84 ಕೂಡಿಸಿದರೆ ಆ ಸೆಲ್ಲಿನ ವೋಲ್ಟೇಜ್ ಹೆಚ್ಚುಕಡಿಮೆ ಸಿಗುತ್ತದೆ. ನಾನು ಮೋಸಹೋದ ಬ್ಯಾಟರಿಯನ್ನು ಆಮೇಲೆ ಹೀಗೆ ಪರೀಕ್ಷಿಸಿದೆ. ಐದು ಸೆಲ್ಲುಗಳು 1.23, ನಾಲ್ಕನೆಯದು ಮಾತ್ರ 1.12. ಐದಕ್ಕೆ 2.07ರಂತೆ 10.35, ಕೆಟ್ಟದ್ದಕ್ಕೆ 1.96, ಒಟ್ಟು 12.31 ವೋಲ್ಟ್. ಮೀಟರ್ ಸುಳ್ಳು ಹೇಳಿರಲಿಲ್ಲ. ಐದು ಒಳ್ಳೆಯ ಸೆಲ್ಲುಗಳ ಮರೆಯಲ್ಲಿ ಒಂದು ಕೆಟ್ಟ ಸೆಲ್ಲು ಅಡಗಿತ್ತು, ಅಷ್ಟೆ. ಸೆಲ್ಲಿನಿಂದ ಸೆಲ್ಲಿಗೆ 0.05ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡು, ಚಾರ್ಜ್ ಮಾಡಿಸಿದ ಮೇಲೂ ಅದು ಉಳಿದರೆ ಆ ಬ್ಯಾಟರಿಯನ್ನು ಬಿತ್ತನೆಯ ಕಾಲಕ್ಕೆ ನಂಬಬಾರದು. ಈ ಪರೀಕ್ಷೆಯನ್ನು ಮಳೆ ಬಿದ್ದ ದಿನ ಅಲ್ಲ, ಮೇ ತಿಂಗಳಲ್ಲಿ ಮಾಡಿರಿ.

ನೀರು, ಬೆಂಕಿ, ಕೇಬಲ್ಲು

ಪ್ಲೇಟುಗಳ ಮೇಲೆ 10 ರಿಂದ 15 ಮಿಲಿಮೀಟರ್ ಆಮ್ಲ ನಿಂತಿರಬೇಕು. ಕಡಿಮೆಯಾದರೆ ಹಾಕಬೇಕಾದ್ದು ಭಟ್ಟಿ ಇಳಿಸಿದ ನೀರು, ಅಂದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಆವಿಯಾಗಿ ಹೋಗುವುದು ನೀರೇ ಹೊರತು ಆಮ್ಲವಲ್ಲ. ಆದುದರಿಂದ ಆಮ್ಲ ಸುರಿಯಬಾರದು. ಕೊಳವೆ ಬಾವಿಯ ನೀರಿನಲ್ಲಿ ಲವಣಗಳೂ ಕಬ್ಬಿಣದ ಅಂಶವೂ ಇದ್ದು ಪ್ಲೇಟುಗಳನ್ನು ಕೆಡಿಸುತ್ತವೆ. ಅದನ್ನು ಕುದಿಸಿ ಆರಿಸಿದರೆ ಲವಣ ಹೋಗುವುದಿಲ್ಲ, ನೀರಿಗಿಂತ ಲವಣವೇ ಹೆಚ್ಚುತ್ತದೆ.

ಹಂಗಾಮು ಮುಗಿದ ಮೇಲೆ ಟ್ರ್ಯಾಕ್ಟರ್ ತಿಂಗಳುಗಟ್ಟಲೆ ನಿಂತರೆ ಬ್ಯಾಟರಿ ತಾನಾಗಿಯೇ ಇಳಿಯುತ್ತದೆ. ಇಳಿದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಪ್ಲೇಟಿನ ಸೀಸದ ಸಲ್ಫೇಟ್ ಹರಳುಗಟ್ಟಿ, ಮತ್ತೆ ಚಾರ್ಜ್ ಮಾಡಿದರೂ ಬಿಡಿಸಿಕೊಳ್ಳುವುದಿಲ್ಲ. ಆಂತರಿಕ ರೋಧ ಏರುವ ಮುಖ್ಯ ದಾರಿಗಳಲ್ಲಿ ಇದೊಂದು. ತಿಂಗಳಿಗೊಮ್ಮೆ ಚಾರ್ಜ್ ಮಾಡಿಡುವುದರಿಂದ ಇದನ್ನು ತಪ್ಪಿಸಬಹುದು.

ಚಾರ್ಜ್ ಆಗುವಾಗ ಜಲಜನಕ ಅನಿಲ ಹೊರಡುತ್ತದೆ. ಬೆಂಕಿಕಡ್ಡಿಯ ಬೆಳಕಿನಲ್ಲಿ ಆಮ್ಲದ ಮಟ್ಟ ನೋಡಹೋಗಿ ಮುಖ ಸುಟ್ಟುಕೊಂಡವರಿದ್ದಾರೆ. ಬ್ಯಾಟರಿ ಬಿಚ್ಚುವಾಗ ಮೊದಲು ಋಣದ ಕೇಬಲ್ಲನ್ನೂ, ಜೋಡಿಸುವಾಗ ಕೊನೆಗೆ ಅದನ್ನೂ ಮುಟ್ಟಬೇಕು. ಕೈಯಲ್ಲಿ ಕಡಗವಿದ್ದರೆ ತೆಗೆದಿಡಿರಿ. 12 ವೋಲ್ಟ್ ಮೈಗೆ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಕಡಗವು ಎರಡು ಧ್ರುವಗಳಿಗೂ ತಾಗಿದರೆ ನೂರಾರು ಆಂಪಿಯರ್ ಹರಿದು ಕಾದ ಕಬ್ಬಿಣದಂತಾಗುತ್ತದೆ. ಆಮ್ಲ ಸಿಡಿದರೆ ತಕ್ಷಣ ಧಾರಾಳವಾಗಿ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ ತೊಳೆದು ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು.

ಪಕ್ಕದವರ ಬ್ಯಾಟರಿಯಿಂದ ಕೇಬಲ್ ಎಳೆದು ಹೊರಡಿಸುವುದು ಜೊತೆ ಜೋಡಣೆ. ಧನಕ್ಕೆ ಧನ ಸೇರಿಸಿ, ಅವರ ಬ್ಯಾಟರಿಯ ಋಣದಿಂದ ಬಂದ ತಂತಿಯನ್ನು ಕೊನೆಯಲ್ಲಿ ನಮ್ಮ ಎಂಜಿನ್ನಿನ ಕಬ್ಬಿಣದ ಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಹಿಡಿಯಬೇಕು. ಕಿಡಿ ಹಾರುವುದೇ ಆದರೆ ಅನಿಲವಿಲ್ಲದ ಕಡೆ ಹಾರಲಿ. ಧನಕ್ಕೆ ಋಣ ತಾಗಿಸಿದರೆ ಬ್ಯಾಟರಿ ಸಿಡಿಯಬಹುದು.

ಲಿಥಿಯಂ ಬ್ಯಾಟರಿಗಳು

ಈಚಿನ ಸ್ಪ್ರೇಯರುಗಳಲ್ಲಿಯೂ ಸೌರ ದೀಪಗಳಲ್ಲಿಯೂ ಲಿಥಿಯಂ ಬ್ಯಾಟರಿಗಳು ಬರುತ್ತಿವೆ. ಅವುಗಳಲ್ಲಿ ಲಿಥಿಯಂ ಕಬ್ಬಿಣದ ಫಾಸ್ಫೇಟ್ ಎಂಬ ಬಗೆಯ ಸೆಲ್ಲಿಗೆ 3.2 ವೋಲ್ಟ್, ನಾಲ್ಕು ಸೇರಿ 12.8. ಹಗುರ, ನೀರು ಹಾಕುವ ಕೆಲಸವಿಲ್ಲ. ಆದರೆ ಇಲ್ಲಿ ನಿಂತ ಮಟ್ಟ ಇನ್ನೂ ಹೆಚ್ಚು ಮೋಸಗೊಳಿಸುತ್ತದೆ. ಮುಕ್ಕಾಲು ಪಾಲು ಖರ್ಚಾದರೂ ವೋಲ್ಟೇಜ್ ಹೆಚ್ಚು ಇಳಿಯದೆ ಕೊನೆಗೆ ಒಮ್ಮೆಲೆ ಕುಸಿಯುತ್ತದೆ. ಸೀಸದ ಬ್ಯಾಟರಿಗಾಗಿ ಮಾಡಿದ ಚಾರ್ಜರನ್ನು ಇದಕ್ಕೆ ಬಳಸಬಾರದು. ಸ್ಪ್ರೇಯರಿನ ಹಳೆಯ ಬ್ಯಾಟರಿ ತೆಗೆದು ಲಿಥಿಯಂ ಹಾಕಿಸುವವರು ಅದಕ್ಕೆ ತಕ್ಕ ಚಾರ್ಜರನ್ನೂ ಕೇಳಿ ಪಡೆಯಬೇಕು.

ಕೆಟ್ಟ ಸೀಸದ ಬ್ಯಾಟರಿಯನ್ನು ಹಿತ್ತಲಿನಲ್ಲಿ ಒಡೆದು ಸೀಸ ತೆಗೆಯುವ ಅಭ್ಯಾಸ ಕೆಲವೆಡೆ ಇದೆ. ಒಡೆದ ಪ್ಲೇಟುಗಳನ್ನು ದನಗಳು ನೆಕ್ಕುತ್ತವೆ. ಸೀಸದ ವಿಷದಿಂದ ಕಣ್ಣು ಕಾಣದಾಗಿ, ಗೋಡೆಗೆ ತಲೆ ಒತ್ತಿ ನಿಂತು, ನಡುಕ ಬಂದು ಸಾಯುತ್ತವೆ. ಕರುಗಳಂತೂ ಬೇಗ ಸಾಯುತ್ತವೆ. ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಸಂಗ್ರಹಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಇಡಿಯಾಗಿ ಅಂಗಡಿಗೆ ಒಪ್ಪಿಸಿ ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಿಸಿಕೊಳ್ಳಿರಿ. ಹೊಸದರ ಮೇಲೆ ಮುದ್ರಿಸಿರುವ ತಯಾರಿಕೆಯ ತಿಂಗಳನ್ನೂ ನೋಡಿರಿ. ಬಿರಡೆಗಳಿರುವ ಬ್ಯಾಟರಿಯಾದರೆ ಆರು ಸೆಲ್ಲುಗಳಿಗೂ ಹೈಡ್ರೋಮೀಟರ್ ಹಾಕಿ ಅಂಕಿಗಳನ್ನು ಗ್ಯಾರಂಟಿ ಚೀಟಿಯ ಹಿಂಬದಿಯಲ್ಲಿ ಬರೆಸಿಕೊಂಡೇ ಅಂಗಡಿಯಿಂದ ಹೊರಡಿರಿ.